ವಿಂಡೋಸ್‌ನ ವರ್ಷದ ದೊಡ್ಡ ಅಪ್‌ಡೇಟ್: ದಿನ ನೋಡಿ ಹಾಕಿಕೊಳ್ಳುವುದು ಹೇಗೆ

ತಿಂಗಳ ಎರಡನೇ ಮಂಗಳವಾರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ಮೈಕ್ರೋಸಾಫ್ಟ್ ಆ ತಿಂಗಳ ಅಪ್‌ಡೇಟ್ ಬಿಡುಗಡೆ ಮಾಡುತ್ತದೆ. ನಮ್ಮಲ್ಲಿ ಆಗ ರಾತ್ರಿ 10.30, ಅಲ್ಲಿ ಚಳಿಗಾಲವಾದರೆ 11.30. ಹಾಗಾಗಿ ಮಂಗಳೂರು ಹಂಪನಕಟ್ಟೆಯ ಸಿಎ ಕಚೇರಿಯಲ್ಲೂ ಮಲ್ಪೆಯ ಮೀನಿನ ಮಂಡಿಯಲ್ಲೂ ಅದು ಮುಖ ತೋರಿಸುವುದು ಬುಧವಾರ ಬೆಳಿಗ್ಗೆ, ಕೆಲಸ ಶುರುವಾಗುವ ಹೊತ್ತಿಗೆ. ಎರಡನೇ ಮಂಗಳವಾರ ಯಾವಾಗಲೂ 8ರಿಂದ 14ನೇ ತಾರೀಕಿನ ಒಳಗೆ ಬರುತ್ತದೆ. ಮಾರಾಟದ ವಿವರ ಕೊಡುವ ತಿಂಗಳ ಜಿಎಸ್‌ಟಿ ರಿಟರ್ನ್, ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ 11. ಎರಡೂ ಒಂದೇ ವಾರದಲ್ಲಿ ಬಿದ್ದಾಗ ಕಚೇರಿಯವರು ಅಪ್‌ಡೇಟನ್ನೇ ನಿಲ್ಲಿಸಿಬಿಡುತ್ತಾರೆ, ಆಮೇಲೆ ಮತ್ತೆ ಶುರು ಮಾಡಲು ಮರೆಯುತ್ತಾರೆ. ಅಪಾಯ ಇರುವುದು ಈ ಮರೆವಿನಲ್ಲಿ. ಅಪ್‌ಡೇಟ್ ಹಾಕಲೇಬೇಕು, ಆದರೆ ಯಾವ ದಿನ, ಯಾವ ಹೊತ್ತಿಗೆ ಎಂಬುದನ್ನು ನೀವೇ ತೀರ್ಮಾನಿಸಬಹುದು. ಅದಕ್ಕೆ ಮೊದಲು ಒಳಗೆ ಏನು ನಡೆಯುತ್ತದೆ ಎಂದು ತಿಳಿದಿರಬೇಕು.

ಬರುವುದು ಒಂದೇ ಬಗೆಯ ಅಪ್‌ಡೇಟ್ ಅಲ್ಲ

ಎರಡನೇ ಮಂಗಳವಾರದ್ದು ಭದ್ರತೆಯ ಅಪ್‌ಡೇಟ್. ಹಿಂದಿನ ತಿಂಗಳುಗಳ ತಿದ್ದುಪಡಿಯೂ ಅದರೊಳಗೇ ಇರುತ್ತದೆ. ಮೂರು ತಿಂಗಳು ಬಿಟ್ಟವರು ಮೂರು ಸಲ ಹಾಕಬೇಕಿಲ್ಲ, ಇತ್ತೀಚಿನದೊಂದು ಸಾಕು. ತಿಂಗಳ ಕೊನೆಯ ಭಾಗದಲ್ಲಿ 'ಪ್ರಿವ್ಯೂ' ಎಂಬ ಹೆಸರಿನಲ್ಲಿ ಇನ್ನೊಂದು ಬರುತ್ತದೆ. ಅದು ಐಚ್ಛಿಕ. ಮುಂದಿನ ತಿಂಗಳು ಎಲ್ಲರಿಗೂ ಬರಲಿರುವ ಬದಲಾವಣೆಗಳನ್ನು ಮೊದಲೇ ನೋಡಬಯಸುವವರಿಗೆ ಇರುವಂಥದ್ದು. ಬಿಲ್ ಹೊಡೆಯುವ, ಲೆಕ್ಕ ಬರೆಯುವ ಕಂಪ್ಯೂಟರಿಗೆ ಅದನ್ನು ಹಾಕಬೇಡಿ.

ವರ್ಷಕ್ಕೊಮ್ಮೆ ಬರುವುದು ಫೀಚರ್ ಅಪ್‌ಡೇಟ್. ಇದು ಬಂದಾಗ ವಿಂಡೋಸ್‌ನ ಆವೃತ್ತಿಯೇ ಬದಲಾಗುತ್ತದೆ. ವಿಂಡೋಸ್ 11ರಲ್ಲಿ 22ಎಚ್2 ಬಂದದ್ದು 2022ರ ಸೆಪ್ಟೆಂಬರ್ 20ಕ್ಕೆ, 23ಎಚ್2 2023ರ ಅಕ್ಟೋಬರ್ 31ಕ್ಕೆ, 24ಎಚ್2 2024ರ ಅಕ್ಟೋಬರ್ 1ಕ್ಕೆ, 25ಎಚ್2 2025ರ ಸೆಪ್ಟೆಂಬರ್ 30ಕ್ಕೆ. ಹೆಸರಿನ ಮೊದಲ ಎರಡು ಅಂಕಿ ವರ್ಷ, ಎಚ್2 ಎಂದರೆ ಆ ವರ್ಷದ ಎರಡನೇ ಅರ್ಧ. ನಿಮ್ಮಲ್ಲಿ ಯಾವುದಿದೆ ಎಂದು ನೋಡಲು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದು ಕೆಳಗೆ ಸರಿಯಿರಿ. ಬಿಲ್ಡ್ ಸಂಖ್ಯೆ 26100 ಎಂದಿದ್ದರೆ 24ಎಚ್2, 26200 ಎಂದಿದ್ದರೆ 25ಎಚ್2.

ಫೀಚರ್ ಅಪ್‌ಡೇಟ್ ಎರಡು ರೀತಿಯಲ್ಲಿ ಬರುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ವ್ಯತ್ಯಾಸ ಇದು. 24ಎಚ್2ರಿಂದ 25ಎಚ್2ಗೆ ಹೋಗುವಾಗ ಹೊಸ ಕೋಡ್ ತಿಂಗಳ ಅಪ್‌ಡೇಟ್‌ಗಳ ಜೊತೆಗೇ ಬಂದು ನಿಷ್ಕ್ರಿಯವಾಗಿ ಕೂತಿರುತ್ತದೆ. ಫೀಚರ್ ಅಪ್‌ಡೇಟ್ ಎಂದು ಬರುವುದು ಅದನ್ನು ಚಾಲೂ ಮಾಡುವ ಪುಟ್ಟ ಪ್ಯಾಕೇಜ್ ಮಾತ್ರ. ಒಂದು ರೀಸ್ಟಾರ್ಟ್, ಕೆಲವು ನಿಮಿಷ, ಮುಗಿಯಿತು. ಆದರೆ 23ಎಚ್2 ಅಥವಾ ಅದಕ್ಕಿಂತ ಹಳೆಯದರಿಂದ ಬರುವವರಿಗೆ ಇಡೀ ವಿಂಡೋಸ್ ಬದಲಾಗುತ್ತದೆ. ಹಲವು ಜಿಬಿ ಡೌನ್‌ಲೋಡ್, ಮೂರು ನಾಲ್ಕು ಬಾರಿ ರೀಸ್ಟಾರ್ಟ್. ಎಸ್‌ಎಸ್‌ಡಿ ಇದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆ, ಹಳೆಯ ಹಾರ್ಡ್ ಡಿಸ್ಕ್ ಆದರೆ ಎರಡು ಗಂಟೆಗೂ ಮಿಕ್ಕಬಹುದು. ಕೆಳಗಿನ ತಯಾರಿಯೆಲ್ಲ ಮುಖ್ಯವಾಗಿ ಈ ಎರಡನೇ ಬಗೆಗೆ.

ಹೋಮ್ ಮತ್ತು ಪ್ರೊ ಆವೃತ್ತಿಗಳಿಗೆ ಪ್ರತಿಯೊಂದು ಫೀಚರ್ ಅಪ್‌ಡೇಟ್ ಬಂದ ದಿನದಿಂದ 24 ತಿಂಗಳು ಭದ್ರತಾ ಅಪ್‌ಡೇಟ್ ಸಿಗುತ್ತದೆ. 23ಎಚ್2ರ ಅವಧಿ 2025ರ ನವೆಂಬರ್ 11ಕ್ಕೆ ಮುಗಿಯಿತು. 24ಎಚ್2ರದ್ದು 2026ರ ಅಕ್ಟೋಬರ್ 13ರವರೆಗೆ, 25ಎಚ್2ರದ್ದು 2027ರ ಅಕ್ಟೋಬರ್ 12ರವರೆಗೆ. ಅವಧಿ ಮುಗಿದ ಆವೃತ್ತಿಯಲ್ಲಿರುವ ಕಂಪ್ಯೂಟರ್ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ಹೊಸದಾಗಿ ಕಂಡ ಭದ್ರತಾ ದೋಷಗಳು ಅದರಲ್ಲಿ ಹಾಗೇ ಉಳಿಯುತ್ತವೆ. ನೆಟ್‌ಬ್ಯಾಂಕಿಂಗ್ ಮಾಡುವ ಕಂಪ್ಯೂಟರನ್ನು ಹಾಗೆ ಬಿಡಬಾರದು.

ದಿನ ಯಾವುದು, ಹೊತ್ತು ಯಾವುದು

24 ತಿಂಗಳ ಗಡುವಿರುವಾಗ ಬಿಡುಗಡೆಯಾದ ವಾರವೇ ಓಡಬೇಕಾಗಿಲ್ಲ. ಸೆಪ್ಟೆಂಬರ್–ಅಕ್ಟೋಬರ್ ನಮ್ಮೂರಿನಲ್ಲಿ ಇದಕ್ಕೆ ಒಳ್ಳೆಯ ಕಾಲವೂ ಅಲ್ಲ. ತೆರಿಗೆ ಆಡಿಟ್ ವರದಿಗೆ ಸೆಪ್ಟೆಂಬರ್ 30, ಆಡಿಟ್ ಇರುವವರ ರಿಟರ್ನ್‌ಗೆ ಅಕ್ಟೋಬರ್ 31 ಎಂದು ಸಿಎ ಕಚೇರಿಗಳು ಮುಳುಗಿರುತ್ತವೆ. ನವರಾತ್ರಿ, ಮಂಗಳೂರು ದಸರಾ, ದೀಪಾವಳಿ ಎಂದು ಅಂಗಡಿಗಳಲ್ಲಿ ಜನ. ಮುದ್ರಣಾಲಯ, ಡಿಟಿಪಿ ಅಂಗಡಿಗಳಲ್ಲಿ ಮದುವೆ ಕಾಗದ, ನೇಮದ ಆಮಂತ್ರಣ, ನವೆಂಬರಿನಲ್ಲಿ ಹೊರಡುವ ಯಕ್ಷಗಾನ ಮೇಳಗಳ ಕರಪತ್ರ. ಇದೆಲ್ಲದರ ಮೇಲೆ ಮಳೆಗಾಲದ ಕೊನೆಯ ಗುಡುಗು ಸಿಡಿಲು, ಅದೂ ಹೆಚ್ಚಾಗಿ ಮಧ್ಯಾಹ್ನದ ನಂತರ. ಆಕಾಶ ತಿಳಿಯಾದ ಡಿಸೆಂಬರ್–ಜನವರಿ ಉತ್ತಮ. ಅಷ್ಟರಲ್ಲಿ ಬಿಡುಗಡೆಯ ಮೊದಲ ತಿಂಗಳುಗಳಲ್ಲಿ ಕಂಡ ದೋಷಗಳಿಗೆ ತಿದ್ದುಪಡಿಯೂ ಬಂದಿರುತ್ತದೆ. ಉಡುಪಿಯ ರಥಬೀದಿಯ ಸುತ್ತಲಿನವರು ಪರ್ಯಾಯದ ವರ್ಷದಲ್ಲಿ ಜನವರಿ 18ರ ಆಸುಪಾಸು ಬಿಟ್ಟು ದಿನ ನೋಡಬೇಕು.

ತಿಂಗಳ ಒಳಗೆ ಹೇಳುವುದಾದರೆ, ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸುವ 20ನೇ ತಾರೀಕು ಕಳೆದ ಮೇಲಿನ ಶನಿವಾರ ಮಧ್ಯಾಹ್ನಕ್ಕೆ ಮೊದಲು ಅಥವಾ ಭಾನುವಾರ ಬೆಳಿಗ್ಗೆ ಅನುಕೂಲ. ಸಂಜೆ ಬೇಡ. ಅಂಗಡಿ ಮುಚ್ಚುವಾಗ ಒತ್ತಿ ಮನೆಗೆ ಹೋಗುವ ಅಭ್ಯಾಸವಂತೂ ಬೇಡವೇ ಬೇಡ. ರಾತ್ರಿ ಕರೆಂಟು ಹೋದರೆ ನೋಡುವವರಿರುವುದಿಲ್ಲ. ಮೆಸ್ಕಾಂ ಲೈನ್ ಕೆಲಸಕ್ಕೆಂದು ಕರೆಂಟು ತೆಗೆಯುವ ದಿನದ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಅದನ್ನೂ ನೋಡಿಕೊಳ್ಳಿ.

ನೀವು ಆರಿಸಿದ ದಿನದವರೆಗೆ ತಡೆಹಿಡಿಯಲು ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಪಾಸ್ ಅಪ್‌ಡೇಟ್ಸ್' (Pause updates) ಇದೆ. ಒಂದರಿಂದ ಐದು ವಾರ ನಿಲ್ಲಿಸಬಹುದು. ತಿಂಗಳ ಭದ್ರತಾ ಅಪ್‌ಡೇಟ್ ಕೂಡ ಇದರಿಂದ ನಿಲ್ಲುತ್ತದೆ, ಆದ್ದರಿಂದ ಬೇಕಾದ ಒಂದು ವಾರಕ್ಕೆ ಮಾತ್ರ ಬಳಸಿ. ಅದೇ ಪುಟದಲ್ಲಿರುವ 'ಲಭ್ಯವಾದ ಕೂಡಲೇ ಹೊಸ ಅಪ್‌ಡೇಟ್ ಪಡೆಯಿರಿ' ಎಂಬರ್ಥದ ಸ್ವಿಚ್ ಆಫ್ ಇರಲಿ. ಅದು ಆನ್ ಇದ್ದರೆ ಹೊಸ ಸೌಲಭ್ಯಗಳು ಹಂಚಿಕೆಯಾಗುವಾಗ ನೀವು ಸಾಲಿನ ಮುಂದೆ ನಿಲ್ಲುತ್ತೀರಿ. ಒಂದೇ ದಿನ ಕೊಂಡ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದರ ಸ್ಟಾರ್ಟ್ ಮೆನು ಹೊಸದಾಗಿ, ಇನ್ನೊಂದರದ್ದು ಹಳೆಯದಾಗಿ ಕಂಡರೆ ಗಾಬರಿ ಬೇಡ. ಕೋಡ್ ಎರಡರಲ್ಲೂ ಇರುತ್ತದೆ, ಚಾಲೂ ಮಾಡುವುದು ಹಂತ ಹಂತವಾಗಿ.

ಪ್ರೊ ಆವೃತ್ತಿ ಇರುವವರಿಗೆ ಇನ್ನೊಂದು ಗಟ್ಟಿ ದಾರಿಯಿದೆ. ಗ್ರೂಪ್ ಪಾಲಿಸಿ ಎಂಬ ವಿಂಡೋಸ್‌ನ ನಿಯಮಗಳ ಪಟ್ಟಿಯಲ್ಲಿ, ವಿಂಡೋಸ್ ಅಪ್‌ಡೇಟ್ ವಿಭಾಗದಡಿ, ಯಾವ ಆವೃತ್ತಿಯಲ್ಲಿ ನಿಲ್ಲಬೇಕೆಂದು ಬರೆದಿಡಬಹುದು. 24ಎಚ್2 ಎಂದು ಬರೆದರೆ ಅದರ ಅವಧಿ ಮುಗಿಯುವವರೆಗೆ ಮುಂದಿನದ್ದು ಬರುವುದಿಲ್ಲ, ತಿಂಗಳ ಭದ್ರತಾ ಅಪ್‌ಡೇಟ್ ಮಾತ್ರ ಬರುತ್ತಿರುತ್ತದೆ. ಹತ್ತಾರು ಕಂಪ್ಯೂಟರ್ ಇರುವ ಸಹಕಾರಿ ಸಂಘ, ಶಾಲೆಗಳಿಗೆ ಇದು ಸರಿಯಾದದ್ದು.

ಹಿಂದಿನ ದಿನದ ತಯಾರಿ

ಮೊದಲ ಕೆಲಸ, ಬಿಟ್‌ಲಾಕರ್ ಕೀ, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ ತೆರೆಯುವ ಸಂಖ್ಯೆ, ಹುಡುಕಿ ಕಾಗದದ ಮೇಲೆ ಬರೆದಿಡುವುದು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗುತ್ತದೆ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಅಪ್‌ಡೇಟ್ ಜೊತೆಗೆ ಬಯಾಸ್ (ಕಂಪ್ಯೂಟರನ್ನು ಏಳಿಸುವ ಮೂಲ ತಂತ್ರಾಂಶ) ಅಥವಾ ಸೆಕ್ಯೂರ್ ಬೂಟ್‌ನಲ್ಲಿ ಏನಾದರೂ ಬದಲಾದರೆ, ಮರುದಿನ ನೀಲಿ ಪರದೆಯ ಮೇಲೆ 48 ಅಂಕಿಗಳ ಕೀ ಕೇಳಬಹುದು. ಅದಿಲ್ಲದೆ ಡಿಸ್ಕಿನೊಳಗಿನದ್ದನ್ನು ತೆಗೆಯಲು ಯಾವ ರಿಪೇರಿಯವರಿಗೂ ಸಾಧ್ಯವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆಂಡ್ ಸೆಕ್ಯೂರಿಟಿ, ಡಿವೈಸ್ ಎನ್‌ಕ್ರಿಪ್ಷನ್ ತೆರೆದು ಆನ್ ಇದೆಯೇ ನೋಡಿ. ಇದ್ದರೆ ಮೈಕ್ರೋಸಾಫ್ಟ್ ಖಾತೆಯ ವೆಬ್‌ಪುಟದಲ್ಲಿ ಡಿವೈಸಸ್ ವಿಭಾಗಕ್ಕೆ ಹೋದರೆ ಕೀ ಸಿಗುತ್ತದೆ. ಲ್ಯಾಪ್‌ಟಾಪ್ ಕೊಂಡಾಗ ಖಾತೆ ತೆರೆದುಕೊಟ್ಟವರು ಅಂಗಡಿಯವರೋ, ಅಣ್ಣನ ಮಗನೋ ಆಗಿದ್ದರೆ ಕೀ ಅವರ ಇಮೇಲಿನಲ್ಲಿ ಕೂತಿರುತ್ತದೆ. ಅದನ್ನು ಇಂದೇ ಕೇಳಿ ಪಡೆಯಿರಿ, ನೀಲಿ ಪರದೆ ಬಂದ ದಿನ ಅಲ್ಲ.

ಎರಡನೆಯದು ಬ್ಯಾಕಪ್. ಎಕ್ಸ್‌ಟರ್ನಲ್ ಡಿಸ್ಕಿಗೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಟ್ಯಾಲಿಯ ಡೇಟಾ ಫೋಲ್ಡರ್, ನುಡಿಯ ಹಳೆಯ ಫಾಂಟ್‌ಗಳು, ಪ್ರಿಂಟರ್ ಮತ್ತು ಡಿಜಿಟಲ್ ಸಿಗ್ನೇಚರ್ ಟೋಕನ್‌ನ ಡ್ರೈವರ್ ಫೈಲ್‌ಗಳನ್ನು ಕಾಪಿ ಮಾಡಿ. ಕಾಪಿಯಾದ ಮೇಲೆ ಒಂದೆರಡು ಫೈಲ್ ಅಲ್ಲಿಂದಲೇ ತೆರೆದು ನೋಡಿ, ಆಮೇಲೆ ಡಿಸ್ಕನ್ನು ಕಳಚಿಡಿ.

ಸಿ ಡ್ರೈವಿನಲ್ಲಿ 25ರಿಂದ 30 ಜಿಬಿ ಖಾಲಿ ಇರಲಿ. ಹಳೆಯ ವಿಂಡೋಸ್ ಪೂರ್ತಿ ಉಳಿದಿರುವಾಗಲೇ ಹೊಸದು ಪಕ್ಕದಲ್ಲಿ ಕೂರುತ್ತದೆ, ಅದಕ್ಕೇ ಇಷ್ಟು ಜಾಗ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂಬಲ್ಲಿ ಜಾಗ ಮಾಡಬಹುದು. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಒಂದು ಸಾಲಾಗಿ ಇರುತ್ತದೆ, ಅದಕ್ಕೆ ಟಿಕ್ ಹಾಕಬೇಡಿ. ಗ್ರಾಹಕರು ಕಳಿಸಿದ ಕಡತಗಳೆಲ್ಲ ಅಲ್ಲೇ ಬಿದ್ದಿರುತ್ತವೆ.

ಡೌನ್‌ಲೋಡ್ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಗಬಾರದು ಎಂದಿದ್ದರೆ ಆ ವೈಫೈ ಸಂಪರ್ಕದ ಪ್ರಾಪರ್ಟೀಸ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಕಚೇರಿಯಲ್ಲಿ ನಾಲ್ಕೈದು ಕಂಪ್ಯೂಟರ್ ಇದ್ದರೆ ಅಡ್ವಾನ್ಸ್ಡ್ ಆಪ್ಷನ್ಸ್‌ನೊಳಗಿನ ಡೆಲಿವರಿ ಆಪ್ಟಿಮೈಸೇಷನ್‌ನಲ್ಲಿ ಸ್ಥಳೀಯ ನೆಟ್‌ವರ್ಕ್‌ನ ಸಾಧನಗಳಿಂದ ಪಡೆಯುವ ಆಯ್ಕೆ ಮಾಡಿ. ಒಂದರಲ್ಲಿ ಇಳಿದದ್ದನ್ನು ಉಳಿದವು ಅದರಿಂದಲೇ ತೆಗೆದುಕೊಳ್ಳುತ್ತವೆ, ಬ್ರಾಡ್‌ಬ್ಯಾಂಡ್ ಮೇಲಿನ ಹೊರೆ ಇಳಿಯುತ್ತದೆ. ಎಲ್ಲವನ್ನೂ ಒಂದೇ ದಿನ ಅಪ್‌ಡೇಟ್ ಮಾಡಬೇಡಿ. ಕಡಿಮೆ ಕೆಲಸದ ಒಂದನ್ನು ಮೊದಲು ಮಾಡಿ, ವಾರ ನೋಡಿ, ಆಮೇಲೆ ಉಳಿದವು.

ಅಪ್‌ಡೇಟ್ ದಿನ

ಪೆನ್‌ಡ್ರೈವ್, ಕಾರ್ಡ್ ರೀಡರ್, ಸಿಗ್ನೇಚರ್ ಟೋಕನ್, ಎಕ್ಸ್‌ಟರ್ನಲ್ ಡಿಸ್ಕ್, ಪ್ರಿಂಟರ್ ಎಲ್ಲ ಕಳಚಿ. ಕೀಬೋರ್ಡ್, ಮೌಸ್ ಮಾತ್ರ ಸಾಕು. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅದರ ಇತ್ತೀಚಿನ ಆವೃತ್ತಿ ಹಾಕಿಕೊಳ್ಳಿ. ಅಪ್‌ಡೇಟ್ ಒಮ್ಮೆ ವಿಫಲವಾಗಿದ್ದರೆ ಆಂಟಿವೈರಸನ್ನು ತಾತ್ಕಾಲಿಕವಾಗಿ ಅನ್‌ಇನ್‌ಸ್ಟಾಲ್ ಮಾಡುವುದೇ ಒಳ್ಳೆಯದು, ವಿಂಡೋಸ್‌ನ ಡಿಫೆಂಡರ್ ಅಷ್ಟು ಹೊತ್ತು ಕಾವಲು ಕಾಯುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇರಲಿ.

ಅಪ್‌ಡೇಟ್ ಪುಟದಲ್ಲಿ 'ಡೌನ್‌ಲೋಡ್ ಆಂಡ್ ಇನ್‌ಸ್ಟಾಲ್' ಒತ್ತಿದ ಮೇಲೆ ಶೇಕಡಾವಾರು ಏರತೊಡಗುತ್ತದೆ. ಈ ಹಂತದಲ್ಲಿ ಕಡತಗಳನ್ನು ಇಳಿಸಿ, ಬಿಚ್ಚಿ, ನಿಮ್ಮ ಯಂತ್ರ, ಡ್ರೈವರ್, ತಂತ್ರಾಂಶ ಹೊಂದುತ್ತವೆಯೇ ಎಂದು ಪರೀಕ್ಷಿಸುತ್ತದೆ. ಆಗ ನೀವು ಕೆಲಸ ಮಾಡುತ್ತಲೇ ಇರಬಹುದು, ಕರೆಂಟು ಹೋದರೂ ದೊಡ್ಡ ನಷ್ಟವಿಲ್ಲ, ಆನ್ ಮಾಡಿದಾಗ ಮುಂದುವರಿಯುತ್ತದೆ. ರೀಸ್ಟಾರ್ಟ್ ಕೇಳಿದಲ್ಲಿಂದ ವಿಷಯ ಬೇರೆ.

ರೀಸ್ಟಾರ್ಟ್ ಒತ್ತಿದ ಮೇಲೆ ಒಂದು ಪುಟ್ಟ ಸೆಟಪ್ ವಿಂಡೋಸ್ ಎದ್ದು ನಿಂತು, ಹಳೆಯ ವಿಂಡೋಸ್ ಫೋಲ್ಡರನ್ನು 'ವಿಂಡೋಸ್.ಓಲ್ಡ್' ಎಂಬ ಹೆಸರಿನಲ್ಲಿ ಬದಿಗಿಟ್ಟು, ಹೊಸದನ್ನು ಅದರ ಜಾಗಕ್ಕೆ ತರುತ್ತದೆ. ಮುಂದಿನ ಬೂಟ್‌ನಲ್ಲಿ ಡ್ರೈವರ್‌ಗಳು ಕೂರುತ್ತವೆ, ಅದರ ಮುಂದಿನದ್ದರಲ್ಲಿ ನಿಮ್ಮ ಸೆಟ್ಟಿಂಗ್, ತಂತ್ರಾಂಶಗಳು ವರ್ಗವಾಗುತ್ತವೆ. ನಡುವೆ ಕರೆಂಟು ಹೋದರೆ ಹೆಚ್ಚಿನ ಸಲ ಹಳೆಯದಕ್ಕೆ ತಾನಾಗಿಯೇ ಮರಳುತ್ತದೆ. ಹಾಗೆ ಮರಳುತ್ತಿರುವಾಗ ಮತ್ತೆ ಕರೆಂಟು ಹೋದರೆ ಮಾತ್ರ ವಿಂಡೋಸ್ ಪೂರ್ತಿ ಕೆಡುವ ಸಂಭವ ಹೆಚ್ಚು. ಆದ್ದರಿಂದ ಒಮ್ಮೆ ಕರೆಂಟು ಹೋಗಿ ಬಂದರೆ, ಇನ್ನು ಹೋಗುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಕಂಪ್ಯೂಟರ್ ಆನ್ ಮಾಡಬೇಡಿ.

ಯುಪಿಎಸ್ ಬಗ್ಗೆ ಲೆಕ್ಕ ಸರಿಯಾಗಿರಲಿ. ಸಾಮಾನ್ಯ 600 ವಿಎ ಯುಪಿಎಸ್‌ನೊಳಗೆ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಅಂದರೆ 84 ವ್ಯಾಟ್-ಅವರ್. ಡೆಸ್ಕ್‌ಟಾಪ್, ಮಾನಿಟರ್ ಸೇರಿ 120 ವ್ಯಾಟ್ ಎಳೆದರೆ, ಇನ್ವರ್ಟರ್ ನಷ್ಟ ಕಳೆದು, ಇಷ್ಟು ಬೇಗ ಖಾಲಿಯಾಗುವಾಗ ಬ್ಯಾಟರಿಯ ಪೂರ್ತಿ ಶಕ್ತಿ ಸಿಗದ್ದರಿಂದ, ಹೊಸ ಬ್ಯಾಟರಿಯಲ್ಲೂ ಸಿಗುವುದು ಸುಮಾರು ಕಾಲು ಗಂಟೆ. ಎರಡು ಮೂರು ವರ್ಷ ಹಳೆಯದಾದರೆ ಐದು ನಿಮಿಷ ಸಿಕ್ಕರೆ ಹೆಚ್ಚು. ಅರ್ಧ ಗಂಟೆಯ ರೀಸ್ಟಾರ್ಟ್‌ಗೆ ಅದು ಸಾಲದು. ಮನೆಯ ದೊಡ್ಡ ಇನ್ವರ್ಟರ್ ಲೈನಿನಲ್ಲಿ ಕಂಪ್ಯೂಟರ್ ಇದ್ದರೆ ಇನ್ವರ್ಟರಿನ ಹಿಂದಿರುವ ಸ್ವಿಚ್ 'ಯುಪಿಎಸ್' ಕಡೆಗಿರಲಿ. ಇನ್ನೊಂದು ಕಡೆಗಿದ್ದರೆ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆಫ್ ಆಗಿಬಿಡಬಹುದು. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇರುವುದರಿಂದ ಈ ತಲೆಬಿಸಿ ಕಡಿಮೆ. ಸಿಡಿಲು ಶುರುವಾದರೆ ಲ್ಯಾನ್ ಕೇಬಲ್ ತೆಗೆದುಬಿಡಿ, ರೀಸ್ಟಾರ್ಟ್ ಹಂತಕ್ಕೆ ಇಂಟರ್ನೆಟ್ ಬೇಕಿಲ್ಲ.

ಶೇಕಡಾ ಮೂವತ್ತರಲ್ಲೋ ಎಪ್ಪತ್ತರಲ್ಲೋ ಬಹಳ ಹೊತ್ತು ನಿಲ್ಲುವುದು ಸಾಮಾನ್ಯ. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಮೂರು ಗಂಟೆ ಕಳೆದರೂ ಅಂಕಿ ಕದಲದೆ, ದೀಪವೂ ಸತ್ತಿದ್ದರೆ ಮಾತ್ರ ಪವರ್ ಬಟನ್ ಹತ್ತು ಸೆಕೆಂಡು ಒತ್ತಿಹಿಡಿದು ಆಫ್ ಮಾಡಿ.

ಬಂದ ಮೇಲೆ ನೋಡಬೇಕಾದವು

ಕೆಲವೊಮ್ಮೆ ಮೊದಲ ಲಾಗಿನ್‌ನಲ್ಲೇ 'ಸೆಟಪ್ ಪೂರ್ಣಗೊಳಿಸೋಣ' ಎಂಬ ಅರ್ಥದ ಪರದೆ ಬಂದು ಒನ್‌ಡ್ರೈವ್ ಬ್ಯಾಕಪ್, ಮೈಕ್ರೋಸಾಫ್ಟ್ 365 ಎಂದೆಲ್ಲ ಕೇಳುತ್ತದೆ. ಬೇಡವಾದರೆ ಸ್ಕಿಪ್ ಒತ್ತಿ. ಓದದೆ ನೆಕ್ಸ್ಟ್ ಒತ್ತಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಒನ್‌ಡ್ರೈವ್ ಒಳಗೆ ಸೇರಿ, ಉಚಿತ 5 ಜಿಬಿ ತುಂಬಿ, ಫೈಲ್ ಎಲ್ಲಿ ಹೋಯಿತೆಂಬ ಹುಡುಕಾಟ ಶುರುವಾಗುತ್ತದೆ.

ಆಮೇಲೆ ನಿಮ್ಮ ದಿನನಿತ್ಯದ ಕೆಲಸವನ್ನೇ ಒಂದು ಸುತ್ತು ಮಾಡಿ. ಒಂದು ಬಿಲ್ ಪ್ರಿಂಟ್ ಮಾಡಿ, ಒಂದು ಪುಟ ಸ್ಕ್ಯಾನ್ ಮಾಡಿ, ಟೋಕನ್ ಹಾಕಿ ಪೋರ್ಟಲ್‌ಗೆ ಲಾಗಿನ್ ಆಗಿ, ನುಡಿಯಲ್ಲೋ ಬರಹದಲ್ಲೋ ಒತ್ತಕ್ಷರವಿರುವ ಒಂದು ಸಾಲು ಟೈಪ್ ಮಾಡಿ. ಹಳೆಯ ದಾಖಲೆಯಲ್ಲಿ ತುಂಗಾ ಫಾಂಟ್ ಬದಲು ಬೇರೆ ಅಕ್ಷರರೂಪ ಕಂಡರೆ, ಆಪ್ಷನಲ್ ಫೀಚರ್ಸ್‌ಗೆ ಹೋಗಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿ. ತುಂಗಾ ಈಗ ಅದರೊಳಗೆ ಬರುತ್ತದೆ.

ಅಂಗಡಿ, ಕಚೇರಿಗಳಲ್ಲಿ ಹೆಚ್ಚು ಕಾಡುವುದು ಹಂಚಿಕೊಂಡ ಫೋಲ್ಡರ್. ಮುಂದಿನ ಕೌಂಟರಿನ ಕಂಪ್ಯೂಟರಿನಿಂದ ಒಳಗಿನ ಕಂಪ್ಯೂಟರಿನ ಫೋಲ್ಡರ್ ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿತ್ತು, 24ಎಚ್2 ಬಂದ ಮೇಲೆ ತೆರೆಯುವುದಿಲ್ಲ. ಪ್ರೊ ಆವೃತ್ತಿಯಲ್ಲಿ ಗೆಸ್ಟ್ ಪ್ರವೇಶವನ್ನು ನಿಲ್ಲಿಸಲಾಗಿದೆ, ನೆಟ್‌ವರ್ಕ್ ಸಂದೇಶಗಳಿಗೆ ಸಹಿ ಇರಲೇಬೇಕೆಂಬ ನಿಯಮವೂ ಬಂದಿದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ಬಿಗಿ. ಯೂಟ್ಯೂಬ್ ನೋಡಿ ಆ ನಿಯಮವನ್ನೇ ತೆಗೆಯುವವರಿದ್ದಾರೆ, ಹಾಗೆ ಮಾಡಬೇಡಿ. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಒಂದು ಹೊಸ ಬಳಕೆದಾರ ಹೆಸರು, ಪಾಸ್‌ವರ್ಡ್ ಮಾಡಿ, ಆ ಹೆಸರಿಗೆ ಫೋಲ್ಡರಿನ ಅನುಮತಿ ಕೊಟ್ಟು, ಇನ್ನೊಂದರಲ್ಲಿ ಒಮ್ಮೆ ಟೈಪ್ ಮಾಡಿ ನೆನಪಿಟ್ಟುಕೊಳ್ಳಲು ಹೇಳಿದರೆ ಸಾಕು. 25ಎಚ್2ರಲ್ಲಿ ಪವರ್‌ಶೆಲ್ 2.0 ಮತ್ತು ಡಬ್ಲ್ಯುಎಂಐಸಿ ಎಂಬ ಹಳೆಯ ಸಾಧನವೂ ಇಲ್ಲ. ಅವುಗಳನ್ನು ನಂಬಿದ ಹಳೆಯ ತಂತ್ರಾಂಶ ಶುರುವಾಗದೆ ಹೋಗಬಹುದು, ಮಾಡಿಕೊಟ್ಟವರನ್ನು ಅಪ್‌ಡೇಟ್‌ಗೆ ಮೊದಲೇ ಕೇಳಿ.

ಕೆಟ್ಟರೆ

ಎರರ್ ಕೋಡ್ ಬರೆದುಕೊಳ್ಳಿ, ಅದರಲ್ಲೇ ಅರ್ಧ ಉತ್ತರ ಇರುತ್ತದೆ. 80070070 ಎಂದರೆ ಜಾಗ ಸಾಲದು. ಸಿ1900101ರಿಂದ ಶುರುವಾಗುವುದು ಬಹುತೇಕ ಡ್ರೈವರ್ ತೊಂದರೆ, ಹೊರಗಿನದ್ದೆಲ್ಲ ಕಳಚಿ, ಗ್ರಾಫಿಕ್ಸ್, ವೈಫೈ ಡ್ರೈವರ್‌ಗಳನ್ನು ತಯಾರಕರ ತಾಣದಿಂದ ಹೊಸದಾಗಿ ಹಾಕಿ ಮತ್ತೆ ಪ್ರಯತ್ನಿಸಿ. ಸಿ1900208 ಆದರೆ ಹೊಂದದ ತಂತ್ರಾಂಶವೊಂದಿದೆ. ಕೋಡ್ ಯಾವುದೇ ಇರಲಿ, ಎರಡು ಸಲ ಸೋತ ಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿರುವ 'ರೀಇನ್‌ಸ್ಟಾಲ್ ನೌ' ಬಳಸಿ. ನಿಮ್ಮ ಫೈಲ್, ತಂತ್ರಾಂಶ ಉಳಿಸಿಕೊಂಡೇ ಈಗಿರುವ ವಿಂಡೋಸನ್ನು ಅದು ದುರಸ್ತಿ ಮಾಡುತ್ತದೆ. ಫಾರ್ಮ್ಯಾಟ್ ಮಾಡಬೇಕು ಎನ್ನುವವರ ಬಳಿ ಹೋಗುವ ಮೊದಲು ಇದನ್ನು ಮಾಡಿ ನೋಡಿ.

ಅಪ್‌ಡೇಟ್ ಬರಲೇ ಇಲ್ಲ ಎಂದಾದರೆ ಅದನ್ನು ಬಲವಂತವಾಗಿ ತರಬೇಡಿ. ಗೊತ್ತಿರುವ ತೊಂದರೆ ಇರುವ ಯಂತ್ರಗಳಿಗೆ ಮೈಕ್ರೋಸಾಫ್ಟ್ ತಾನೇ ತಡೆ ಹಾಕುತ್ತದೆ. 2024ರ ಕೊನೆಯಲ್ಲಿ ಯುಎಸ್‌ಬಿಯಿಂದ ಜೋಡಿಸಿದ ಕೆಲವು ಸ್ಕ್ಯಾನರ್, ಮಲ್ಟಿಫಂಕ್ಷನ್ ಪ್ರಿಂಟರ್‌ಗಳು 24ಎಚ್2ರಲ್ಲಿ ಪತ್ತೆಯಾಗದೆ ಹೋದಾಗ ಅಂಥ ತಡೆ ಹಾಕಿತ್ತು. ಐಎಸ್‌ಒ (ವಿಂಡೋಸ್‌ನ ಪೂರ್ಣ ಇನ್‌ಸ್ಟಾಲ್ ಕಡತ) ಇಳಿಸಿ ತಡೆ ದಾಟಿದರೆ ಆ ತೊಂದರೆಯನ್ನು ಮನೆಗೆ ಕರೆದಂತೆ.

ಹಿಂದಕ್ಕೆ ಹೋಗಲು 10 ದಿನಗಳ ಅವಕಾಶವಿದೆ. ಅದೇ ರಿಕವರಿ ಪುಟದಲ್ಲಿ 'ಗೋ ಬ್ಯಾಕ್' ಇರುತ್ತದೆ. ಅಪ್‌ಡೇಟ್ ನಂತರ ಹಾಕಿದ ತಂತ್ರಾಂಶಗಳು ಹೋಗುತ್ತವೆ, ಫೈಲ್‌ಗಳು ಉಳಿಯುತ್ತವೆ. ಹತ್ತು ದಿನ ಕಳೆದರೆ ವಿಂಡೋಸ್.ಓಲ್ಡ್ ಅಳಿಯುತ್ತದೆ, ಆ ದಾರಿ ಮುಚ್ಚುತ್ತದೆ. ಜಾಗ ಬೇಕೆಂದು ಆ ಫೋಲ್ಡರನ್ನು ಮೂರನೇ ದಿನವೇ ಅಳಿಸಬೇಡಿ. ಪುಟ್ಟ ಪ್ಯಾಕೇಜಿನಿಂದ 25ಎಚ್2 ಆದವರಿಗೆ ಗೋ ಬ್ಯಾಕ್ ಬದಲು ಅಪ್‌ಡೇಟ್ ಹಿಸ್ಟರಿಯಲ್ಲಿ ಅನ್‌ಇನ್‌ಸ್ಟಾಲ್ ಮಾಡುವ ದಾರಿ ಇದೆ.

ವಿಂಡೋಸ್ ಏಳುವುದೇ ಇಲ್ಲ ಎಂದಾದರೆ, ಲೋಗೋ ಕಂಡ ಕೂಡಲೇ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ. ಎರಡು ಸಲ ಹೀಗೆ ಮಾಡಿದರೆ ಮೂರನೇ ಸಲ ರಿಕವರಿ ಪರದೆ ತಾನಾಗಿ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಒಳಗೆ ಎರಡು ಆಯ್ಕೆ ಇರುತ್ತವೆ, ತಿಂಗಳ ಅಪ್‌ಡೇಟ್ ತೆಗೆಯುವುದು, ಫೀಚರ್ ಅಪ್‌ಡೇಟ್ ತೆಗೆಯುವುದು. ಯಾವುದು ಹಾಕಿದ ಮೇಲೆ ಕೆಟ್ಟಿತೋ ಅದನ್ನು ಆರಿಸಿ. ಕಾಗದದ ಮೇಲೆ ಬರೆದಿಟ್ಟ ಆ 48 ಅಂಕಿಗಳನ್ನು ಈ ಪರದೆಯೂ ಕೇಳಬಹುದು.